ಅವಧಾನ ಭಕ್ತಿಯೂ ಮಕ್ಕಳ ಮೊಬೈಲ್ ಚಟವೂ

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ ಹೇಗೋ ಹಾಗೆ ಪ್ರಸಾದಿಗೆ ಅವಧಾನವೇ ಭಕ್ತಿ. ಅವಧಾನವೆಂದರೆ ಎಚ್ಚರ. ನಾಲಗೆಯ ರುಚಿಯನ್ನಷ್ಟೇ ಅಲ್ಲ, ಕಣ್ಣಿನ ರೂಪವನ್ನೂ ಕಿವಿಯ ಶಬ್ದವನ್ನೂ ಮೊದಲು ಲಿಂಗಕ್ಕೆ ಅರ್ಪಿಸಿ ಅನಂತರ ಪ್ರಸಾದವೆಂದು ಸ್ವೀಕರಿಸಬೇಕು. ಅರ್ಪಣೆಗೆ ತಕ್ಕುದಲ್ಲದ್ದು ಸ್ವೀಕಾರಕ್ಕೂ ತಕ್ಕುದಲ್ಲ. ಈ ತತ್ತ್ವವು ಇಂದಿನ ಗೃಹಸ್ಥರಿಗೆ ಎಷ್ಟು ಅವಶ್ಯವೆಂಬುದನ್ನು ಮಕ್ಕಳ ಕೈಯಲ್ಲಿರುವ ಮೊಬೈಲ್ ಫೋನು ತೋರಿಸಿಕೊಡುತ್ತಿದೆ.

ಸಕಲೇಶಪುರ ಸೀಮೆಯ ವನಗೂರಿನಂಥ ಮಲೆನಾಡ ಊರುಗಳಲ್ಲಿ ಮನೆಗಳು ತೋಟಗಳ ನಡುವೆ ದೂರದೂರ. ಮಳೆ ಹಿಡಿಯಿತೆಂದರೆ ಮಕ್ಕಳಿಗೆ ಬಯಲಾಟವಿಲ್ಲ, ಓರಗೆಯವರ ಸಂಗವೂ ಕಡಿಮೆ. ೨೦೨೦ರಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ ಪಾಠವೇ ಫೋನಿನೊಳಗೆ ಬಂದಿತು. ಮಲೆನಾಡಿನ ಅನೇಕ ಮಕ್ಕಳು ಸಿಗ್ನಲ್ಲನ್ನು ಅರಸಿ ಗುಡ್ಡ ಹತ್ತಿದರು. ಫೋನನ್ನು ಕೊಟ್ಟವರು ನಾವೇ, ಒಳಿತಿಗಾಗಿಯೇ ಕೊಟ್ಟೆವು. ಮುಂದೆ ಪಾಠವು ಶಾಲೆಗೆ ಮರಳಿತು. ಫೋನು ಮಾತ್ರ ಕೈಯಲ್ಲಿಯೇ ಉಳಿಯಿತು.

ಇದರಲ್ಲಿ ಬಾಲಕನೊಬ್ಬನದೇ ತಪ್ಪೆನ್ನಲಾಗದು. ಒಂದು ಚಿತ್ರ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಎದುರಾಗುವಂತೆ ಅದನ್ನು ರಚಿಸಿದ್ದಾರೆ. ಮುಂದಿನದು ಸೊಗಸೋ ಸಪ್ಪೆಯೋ ಎಂಬ ಅನಿಶ್ಚಯವೇ ಬೆರಳನ್ನು ಎಳೆಯುತ್ತದೆ. ಹದಿಹರೆಯದಲ್ಲಿ ಸುಖವನ್ನು ಬಯಸುವ ಚಪಲ ಬೇಗ ಬಲಿಯುತ್ತದೆ. ಅದನ್ನು ತಡೆಯುವ ವಿವೇಕಕ್ಕೆ ಆಧಾರವಾದ ಮಿದುಳಿನ ಮುಂಭಾಗವು ಇಪ್ಪತ್ತು ವರ್ಷ ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ನಿದ್ರೆ ಕೆಡುವುದು, ಓದಿನಲ್ಲಿ ಹಿಂದೆ ಬೀಳುವುದು, ಸಿಡುಕು, ಏಕಾಂತಪ್ರಿಯತೆ ಇವು ಇದರ ಫಲಗಳು.

ಆದರೂ ಫೋನು ಹಿಡಿದವರೆಲ್ಲರೂ ಚಟಕ್ಕೆ ಬಿದ್ದವರಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಿಂದ ಜಾರಿಗೆ ತಂದ ರೋಗಪಟ್ಟಿಯಲ್ಲಿ ಫೋನು, ಕಂಪ್ಯೂಟರುಗಳ ಆಟದ ಚಟವೂ ಸೇರಿದೆ. ಅದಕ್ಕೆ ಹೇಳಿರುವ ಲಕ್ಷಣಗಳು ಮೂರು: ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲ ಕೆಲಸಕ್ಕಿಂತ ಅದೇ ಮುಖ್ಯವಾಗುವುದು, ಕೇಡಾಗುತ್ತಿದ್ದರೂ ಬಿಡಲಾರದಿರುವುದು. ಅವಧಾನದ ನಾಶವೆಂದರೆ ಇದೇ ಅಲ್ಲವೇ?

ಹಾಗಾದರೆ ಫೋನನ್ನು ಕಸಿದುಕೊಂಡರೆ ಸಾಕೇ? ಸಾಲದು. ಕಸಿದುಕೊಂಡಲ್ಲಿ ಹಟ ಬೆಳೆಯುವುದು; ಅವಧಾನ ಬೆಳೆಯದು. ಇಷ್ಟಲಿಂಗವನ್ನು ಇರಿಸಿಕೊಂಡು ದೃಷ್ಟಿಯನ್ನು ನೆಲೆಗೊಳಿಸಬೇಕಾದ ಅಂಗೈಯೂ ಫೋನನ್ನು ಹಿಡಿದ ಅಂಗೈಯೂ ಒಂದೇ. ಒಂದು ದೃಷ್ಟಿಯನ್ನು ಒಳಕ್ಕೆ ಕೂಡಿಸುವುದು. ಇನ್ನೊಂದು ಹೊರಕ್ಕೆ ಚೆಲ್ಲುವುದು. ಪೂಜೆಯ ನಡುವೆ ಫೋನಿನ ಸದ್ದಿಗೆ ಕಣ್ಣು ಹೊರಳಿಸುವ ತಂದೆಯು ಮಗನಿಗೆ ಯಾವ ಅವಧಾನವನ್ನು ಬೋಧಿಸಿಯಾನು? ಆಚಾರವಿಲ್ಲದ ಉಪದೇಶವು ಮಕ್ಕಳ ಕಿವಿಗೂ ಮುಟ್ಟದು.

ಆದುದರಿಂದ ನಿಯಮವು ಹಿರಿಯರಿಂದಲೇ ಮೊದಲಾಗಲಿ. ಊಟವು ಪ್ರಸಾದ, ಅಲ್ಲಿ ಯಾರ ಕೈಯಲ್ಲಿಯೂ ಫೋನು ಬೇಡ. ರಾತ್ರಿ ಮನೆಯವರೆಲ್ಲರ ಫೋನುಗಳೂ ಮಲಗುವ ಕೋಣೆಯ ಹೊರಗಿರಲಿ. ಬಿಡುವಿನ ವೇಳೆಯನ್ನು ಆಟ, ಓದು, ಮನೆಯ ಕಾಯಕಗಳಿಂದ ತುಂಬಿರಿ; ಮಗುವಿನೊಡನೆ ನೀವೂ ಕೂಡಿರಿ. ಬೆಳಿಗ್ಗೆ ಕಣ್ಣು ಮೊದಲು ಲಿಂಗವನ್ನು ಕಾಣಲಿ.

ಇಷ್ಟಾದರೂ ಚಟ ಬಿಡದಿದ್ದರೆ ನಾಚಿಕೆಪಡಬೇಕಾದುದಿಲ್ಲ; ಜ್ವರಕ್ಕೆ ವೈದ್ಯರ ಬಳಿಗೆ ಹೋಗುವಂತೆ ಇದಕ್ಕೂ ಹೋಗತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೪ರಲ್ಲಿಯೇ ಇದಕ್ಕೆಂದು ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಸರ್ಕಾರದ ಟೆಲಿ ಮಾನಸ್ ಸೇವೆಯು ೧೪೪೧೬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಸಲಹೆ ಕೇಳಲು ಅದೇ ಫೋನು ಸಾಕು. ಅವಧಾನದಿಂದ ಬಳಸಿದಾಗ ಅದೂ ಪ್ರಸಾದವೇ ಆದೀತು.