ವಲಸೆ, ಭಾಷೆ ಮತ್ತು ಸಂವಾದ: ಅಮೆರಿಕದ ಚರ್ಚುಗಳ ಇಂಗ್ಲಿಷ್ ಸಂಭಾಷಣಾ ತರಗತಿಗಳು

ಒಂದು ಭಾಷೆಯಲ್ಲಿ ಸಂಸಾರ ನಡೆಸಿದವರು, ಕಸುಬು ಬಲ್ಲವರು, ನಾಲ್ಕು ಜನರಿಗೆ ಬುದ್ಧಿ ಹೇಳಿದವರು ವಲಸೆ ಬಂದ ನೆಲದಲ್ಲಿ ಏಕಾಏಕಿ ಮಾತಿಲ್ಲದವರಾಗುತ್ತಾರೆ. ಭಾಷೆ ಬಾರದಿರುವುದನ್ನೇ ತಿಳಿವಳಿಕೆ ಇಲ್ಲದಿರುವುದೆಂದು ಭಾವಿಸುವ ಅಪಾಯ ಇಲ್ಲಿಂದಲೇ ಆರಂಭವಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಚರ್ಚುಗಳು ವಯಸ್ಕ ವಲಸಿಗರಿಗಾಗಿ ನಡೆಸುವ ಇಂಗ್ಲಿಷ್ ಸಂಭಾಷಣಾ ತರಗತಿಗಳು ಈ ಅಪಾಯವನ್ನು ಎಷ್ಟರಮಟ್ಟಿಗೆ ಮೀರಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಾರಿತ್ರಿಕ ಹಿನ್ನೆಲೆ

1906ರ ಕಾಯ್ದೆಯು ಅಮೆರಿಕದ ಪೌರತ್ವ ಬಯಸುವವರು ಇಂಗ್ಲಿಷ್ ಮಾತನಾಡಬಲ್ಲವರಾಗಿರಬೇಕೆಂದು ವಿಧಿಸಿತು. ಅದೇ ದಶಕದಲ್ಲಿ ಯಂಗ್ ಮೆನ್ಸ್ ಕ್ರಿಶ್ಚಿಯನ್ ಅಸೋಸಿಯೇಷನ್‌ನ ಪೀಟರ್ ರಾಬರ್ಟ್ಸ್ ಅವರು ವಲಸೆ ಕಾರ್ಮಿಕರಿಗಾಗಿ ಪಾಠಕ್ರಮವೊಂದನ್ನು ರೂಪಿಸಿದರು. ಫ್ರಾನ್ಸಿನ ಭಾಷಾಬೋಧಕ ಫ್ರಾಂಸ್ವಾ ಗುವೆನ್ ಅವರ ಸರಣಿ ವಿಧಾನವನ್ನು ಅನುಸರಿಸಿದ ಈ ಪಾಠಗಳು ವ್ಯಾಕರಣ ಸೂತ್ರಗಳ ಬದಲು ಬೆಳಗ್ಗೆ ಏಳುವುದು, ಕೆಲಸಕ್ಕೆ ಹೋಗುವುದು ಮುಂತಾದ ದಿನನಿತ್ಯದ ಕ್ರಿಯೆಗಳನ್ನು ಒಂದರ ನಂತರ ಒಂದರಂತೆ ನುಡಿಸುತ್ತಿದ್ದವು.

1962ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ರೂತ್ ಕಾಲ್ವಿನ್ ಅವರು ಆರಂಭಿಸಿದ ಸಾಕ್ಷರತಾ ಸ್ವಯಂಸೇವಕರ ಸಂಘಟನೆಗೆ ಅಲ್ಲಿನ ಚರ್ಚಿನ ಮಹಿಳೆಯರು ಮೊದಲ ಆಸರೆಯಾದರು. ತರಬೇತಿ ಪಡೆದ ಸಾಮಾನ್ಯ ನಾಗರಿಕರೂ ಕಲಿಸಬಲ್ಲರೆಂಬುದು ಇದರ ಮೂಲ ನಂಬಿಕೆ. ಧರ್ಮಪ್ರಚಾರಕರಾಗಿ ಫಿಲಿಪ್ಪೀನ್ಸ್‌ಗೆ ಹೋಗಿ ಸಾಕ್ಷರತೆಯ ಕೆಲಸಕ್ಕೆ ತೊಡಗಿದ ಫ್ರಾಂಕ್ ಲಾಬಾಕ್ ಅವರು 1955ರಲ್ಲಿ ಸ್ಥಾಪಿಸಿದ ಸಂಸ್ಥೆಯೊಂದಿಗೆ ಈ ಸಂಘಟನೆ 2002ರಲ್ಲಿ ವಿಲೀನಗೊಂಡಿತು. 1965ರ ವಲಸೆ ಕಾಯ್ದೆ ಏಷ್ಯಾದವರಿಗೆ ಬಾಗಿಲು ತೆರೆದದ್ದು, 1975ರ ನಂತರ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಗಳ ನಿರಾಶ್ರಿತರ ಪುನರ್ವಸತಿಗೆ ಚರ್ಚುಗಳು ಹೊಣೆ ಹೊತ್ತದ್ದು ಇಂತಹ ತರಗತಿಗಳ ಅಗತ್ಯವನ್ನು ಹೆಚ್ಚಿಸಿದವು.

ತರಗತಿಯ ಸ್ವರೂಪ

ಸಾಮಾನ್ಯವಾಗಿ ಚರ್ಚಿನ ನೆಲಮಾಳಿಗೆ ಅಥವಾ ಸಭಾಂಗಣದಲ್ಲಿ ವಾರಕ್ಕೊಂದೆರಡು ಬಾರಿ ಈ ತರಗತಿಗಳು ಸೇರುತ್ತವೆ. ಶುಲ್ಕವಿಲ್ಲ, ಪರೀಕ್ಷೆಯಿಲ್ಲ. ಒಂದು ಮೇಜಿನ ಸುತ್ತ ಕೆಲವೇ ಕಲಿಕೆದಾರರು, ಅವರ ನಡುವೆ ಒಬ್ಬ ಸ್ವಯಂಸೇವಕ. ಪಾಳಿಯ ಕೆಲಸ ಮಾಡುವವರು ಪ್ರತಿವಾರ ಬರಲಾರರು. ಹೊಸಬರು ಯಾವಾಗ ಬೇಕಾದರೂ ಸೇರಬಹುದು. ಆದುದರಿಂದ ಹಿಂದಿನ ವಾರದ ಪಾಠವನ್ನು ಅವಲಂಬಿಸದೆ ಪ್ರತಿ ಪಾಠವೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕಾಗುತ್ತದೆ. ವೈದ್ಯರ ಭೇಟಿ, ಮನೆ ಬಾಡಿಗೆ, ಮಕ್ಕಳ ಶಾಲೆಯಿಂದ ಬಂದ ಪತ್ರ ಇವೇ ಇಲ್ಲಿನ ಪಠ್ಯ. ಆತಂಕ ಮತ್ತು ನಾಚಿಕೆ ಭಾಷಾರ್ಜನೆಗೆ ತಡೆಯಾಗುತ್ತವೆಂದು 1980ರ ದಶಕದಲ್ಲಿ ಸ್ಟೀಫನ್ ಕ್ರಾಶನ್ ಪ್ರತಿಪಾದಿಸಿದರು. ಒಂದು ಲೋಟ ಕಾಫಿಯೊಂದಿಗೆ ಆರಂಭವಾಗುವ ಸಂಭಾಷಣೆ ಆ ತಡೆಯನ್ನು ಎಷ್ಟೋ ಸಡಿಲಿಸುತ್ತದೆ.

ತಪ್ಪಿನ ಹಿಂದಿನ ವ್ಯಾಕರಣ

ಆದರೆ ಸ್ನೇಹವೊಂದೇ ಸಾಲದು. ಮೆಕ್ಸಿಕೋದಿಂದ ಬಂದ ಸ್ಪ್ಯಾನಿಷ್ ಭಾಷಿಕರು 'ಮೆ ಗುಸ್ತಾ ಎಲ್ ಕಫೆ' ಎನ್ನುತ್ತಾರೆ. ಕನ್ನಡಿಗರು 'ನನಗೆ ಕಾಫಿ ಇಷ್ಟ' ಎನ್ನುತ್ತಾರೆ. ಸ್ಪ್ಯಾನಿಷ್‌ನ 'ಮೆ ದುಯೆಲೆ ಲಾ ಕಬೆಸಾ' ಎಂಬುದು 'ನನಗೆ ತಲೆ ನೋಯುತ್ತಿದೆ' ಎಂಬ ಕನ್ನಡ ವಾಕ್ಯದ ಜೋಡಿಯಂತಿದೆ. ಇಷ್ಟ, ನೋವುಗಳನ್ನು ಅನುಭವಿಸುವ ವ್ಯಕ್ತಿ ಈ ಎರಡೂ ಭಾಷೆಗಳಲ್ಲಿ ಕರ್ತೃವಲ್ಲ. ಕನ್ನಡದ ಚತುರ್ಥಿ ವಿಭಕ್ತಿಗೆ ಸಮನಾದ ಸ್ಥಾನದಲ್ಲಿ ಅವನಿರುತ್ತಾನೆ. ಇಂಗ್ಲಿಷ್‌ನಲ್ಲಿ ಆತ 'ಐ ಲೈಕ್' ಎಂದು ಕರ್ತೃವಾಗಬೇಕು, 'ಮೈ ಹೆಡ್' ಎಂದು ತಲೆಯ ಒಡೆಯನಾಗಬೇಕು. ಇಲ್ಲಿ ಎಡವುವ ಕಲಿಕೆದಾರ ತನ್ನ ಭಾಷೆಯ ಖಚಿತ ನಿಯಮವೊಂದನ್ನು ಪಾಲಿಸಿರುತ್ತಾನೆ. ಇಂಗ್ಲಿಷ್ ಒಂದನ್ನೇ ಬಲ್ಲ ಸ್ವಯಂಸೇವಕನಿಗೆ ಮಾತ್ರ ಅದು ಬರಿಯ ತಪ್ಪಾಗಿ ಕಾಣುತ್ತದೆ.

ತರಗತಿಯಲ್ಲಿ ಇಂಗ್ಲಿಷ್ ಮಾತ್ರ ಇರಬೇಕೆಂಬ ಪಟ್ಟಿನ ಬೇರುಗಳು ಬೋಧನಶಾಸ್ತ್ರದಲ್ಲಿಲ್ಲ, ಯಜಮಾನಿಕೆಯ ವಿಚಾರಧಾರೆಯಲ್ಲಿವೆ ಎಂದು ಎಲ್ಸಾ ಆವರ್‌ಬಾಕ್ 1993ರಲ್ಲಿಯೇ ವಾದಿಸಿದ್ದರು. ಕಲಿಕೆದಾರರ ತಾಯ್ನುಡಿಗೆ ಮೇಜಿನ ಬಳಿ ಜಾಗ ಸಿಕ್ಕಾಗ ಅವರು ಮತ್ತೆ ತಿಳಿದವರಾಗುತ್ತಾರೆ.

ಆತಿಥ್ಯ ಮತ್ತು ಅಧಿಕಾರ

ಈ ತರಗತಿಗಳ ಕುರಿತ ಗಂಭೀರ ಆಕ್ಷೇಪ ಧರ್ಮಕ್ಕೆ ಸಂಬಂಧಿಸಿದ್ದು. ಭಾಷೆಯ ಅಗತ್ಯವನ್ನು ಮತಪ್ರಚಾರದ ದಾರಿಯಾಗಿಸಿಕೊಳ್ಳುವುದನ್ನು ಅಲಿಸ್ಟೇರ್ ಪೆನಿಕುಕ್ ಮತ್ತು ಸೋಫಿ ಕುಟಾಂಡ್-ಮಾರಿನ್ 2003ರಲ್ಲಿ ಪ್ರಶ್ನಿಸಿದರು. ಮೇರಿ ಶೆಪರ್ಡ್ ವಾಂಗ್ ಮತ್ತು ಶ್ರೀಲಂಕಾ ತಮಿಳು ಮೂಲದ ಸುರೇಶ್ ಕನಗರಾಜ 2009ರಲ್ಲಿ ಸಂಪಾದಿಸಿದ ಗ್ರಂಥವು ಕ್ರೈಸ್ತ ಬೋಧಕರನ್ನೂ ಅವರ ವಿಮರ್ಶಕರನ್ನೂ ಮುಖಾಮುಖಿಯಾಗಿಸಿತು. ಪ್ರಾರ್ಥನೆಗೆ ಬಾರದವರಿಗೂ ಪಾಠದಲ್ಲಿ ಅದೇ ಆದರ ದೊರೆಯುತ್ತದೆಯೇ ಎಂಬುದು ಇಲ್ಲಿನ ನಿಜವಾದ ಒರೆಗಲ್ಲು. ಉಚಿತವಾಗಿ ಪಡೆಯುವವರಿಗೆ 'ಬೇಡ' ಎನ್ನುವುದು ಕಷ್ಟ. ಆದುದರಿಂದ ಬೇಡವೆನ್ನುವ ಸ್ವಾತಂತ್ರ್ಯವನ್ನು ಕಾಯುವ ಹೊಣೆ ಕೊಡುವವರದೇ ಆಗುತ್ತದೆ.

ಕನ್ನಡದ ಸಂದರ್ಭ

ಮಿಷನರಿಗಳ ಭಾಷಾಕಲಿಕೆ ಕನ್ನಡಕ್ಕೆ ಹೊಸದಲ್ಲ. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಕನ್ನಡ ಕಲಿತು 1894ರಲ್ಲಿ ನಿಘಂಟನ್ನು ಪ್ರಕಟಿಸಿದರು. ಆದರೆ ಕಿಟ್ಟೆಲ್ ಅವರ ಕಲಿಕೆಗೆ ಸಂಸ್ಥೆಯೊಂದರ ಬೆಂಬಲವಿತ್ತು; ಅಂದಿನ ಅನ್ನ ಕನ್ನಡದ ಮಾತನ್ನು ಅವಲಂಬಿಸಿರಲಿಲ್ಲ. ಇಂದು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಹೋಟೆಲು ಕೆಲಸಕ್ಕೆ ಒಡಿಶಾ, ಬಿಹಾರ, ಅಸ್ಸಾಂಗಳಿಂದ ಬರುವವರ ಸ್ಥಿತಿ ಅಮೆರಿಕದ ಆ ಕಲಿಕೆದಾರರ ಸ್ಥಿತಿಗೆ ಹೆಚ್ಚು ಹತ್ತಿರ. ವರ್ಣಮಾಲೆಯಿಂದ ಆರಂಭಿಸಿ ಒತ್ತಕ್ಷರದ ಹೊತ್ತಿಗೆ ದಣಿಸುವ ಪಾಠಕ್ರಮ ಇಂಥವರಿಗೆ ಒದಗುವುದಿಲ್ಲ. ಕೂಲಿ ಕೇಳುವ, ಆಸ್ಪತ್ರೆಯಲ್ಲಿ ನೋವು ಹೇಳುವ, ಮಗುವಿನ ಶಿಕ್ಷಕರೊಡನೆ ಮಾತಾಡುವ ಕನ್ನಡ ಮೊದಲು ಬೇಕು. ಲಿಪಿ ಅದರ ಬೆನ್ನಿಗೆ ಬರಬಹುದು. ಜೊತೆಗೆ, ಹಿಂದಿಯ 'ಮುಝೆ' ಮತ್ತು ಕನ್ನಡದ 'ನನಗೆ' ಒಂದೇ ಬಗೆಯ ವಾಕ್ಯಗಳಲ್ಲಿ ಬರುತ್ತವೆಂದು ತೋರಿಸಬಲ್ಲ ಬೋಧಕರು ಕನ್ನಡ ವಿಭಾಗಗಳಲ್ಲಿಯೇ ಇದ್ದಾರೆ. ಅಮೆರಿಕದ ಸ್ವಯಂಸೇವಕರಿಗೆ ಸುಲಭವಾಗಿ ದಕ್ಕದ ಈ ಅನುಕೂಲ ಇಲ್ಲಿ ಕೈಯಳತೆಯಲ್ಲಿದೆ.

ಒಟ್ಟಿನಲ್ಲಿ, ವಯಸ್ಕ ವಲಸಿಗರಿಗೆ ಭಾಷೆ ಕಲಿಸುವುದು ಅವರಿಗೆ ಮಾತನ್ನು ದಾನ ಮಾಡುವ ಕೆಲಸವಲ್ಲ. ಅವರಲ್ಲಿ ಈಗಾಗಲೇ ಇರುವ ಮಾತಿಗೆ ಇನ್ನೊಂದು ದಾರಿ ತೆರೆಯುವ ಕೆಲಸ. ಈ ಭೇದವನ್ನು ಅರಿತ ತರಗತಿ ಚರ್ಚಿನಲ್ಲಿ ನಡೆದರೂ ವಿಶ್ವವಿದ್ಯಾಲಯದಲ್ಲಿ ನಡೆದರೂ ಸಾರ್ಥಕವಾಗುತ್ತದೆ.