ಹವಳದ ತೋಟದ ಮಾಲಿಗಳು

ವೆನಿಜುವೆಲದ ಉತ್ತರಕ್ಕೆ, ಕೆರಿಬಿಯನ್ ಸಮುದ್ರದಲ್ಲಿ, ಬೊನೇರ್ ಎಂಬ ಸಣ್ಣ ದ್ವೀಪವಿದೆ. ಅದರ ಪಶ್ಚಿಮ ತೀರದಲ್ಲಿ ಅಲೆಗಳ ಆರ್ಭಟವಿಲ್ಲ. ಹವಳದ ದಿಬ್ಬವೂ ದಡಕ್ಕೆ ಬಹು ಸಮೀಪದಲ್ಲಿದೆ. ಗಾಜಿನ ಮುಖವಾಡವನ್ನೂ ಉಸಿರುಗೊಳವೆಯನ್ನೂ ಧರಿಸಿ ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಈಜಿ ತಲಪಬಹುದು.

ಅಲ್ಲಿ ನೀರಿಗಿಳಿದವರಿಗೆ ಕಲ್ಲನ್ನು ಉಳಿಯಿಂದ ಕೆರೆದಂತಹ ಸದ್ದು ಕೇಳಿಸುತ್ತದೆ. ಅದು ಗಿಳಿಮೀನಿನ ಊಟದ ಸದ್ದು! ಈ ಮೀನಿನ ಹಲ್ಲುಗಳು ಒಂದಕ್ಕೊಂದು ಬೆಸೆದು ಗಿಳಿಯ ಕೊಕ್ಕಿನಂತಾಗಿವೆ. ಅದರಿಂದ ಪಾಚಿಯನ್ನು ಸುಣ್ಣಕಲ್ಲಿನ ಸಮೇತ ಕೆರೆದು, ಗಂಟಲಿನೊಳಗಿನ ಇನ್ನೊಂದು ಹಲ್ಲಿನ ಜೋಡಿಯಿಂದ ಅರೆಯುತ್ತದೆ. ಪಾಚಿ ಜೀರ್ಣವಾಗುತ್ತದೆ, ಕಲ್ಲು ನುಣ್ಣನೆಯ ಮರಳಾಗಿ ಹೊರಬೀಳುತ್ತದೆ. ಕೆರಿಬಿಯನ್ ತೀರಗಳ ಬಿಳಿಯ ಮರಳಿನಲ್ಲಿ ಒಂದು ಪಾಲು ಈ ಜೀವಂತ ಬೀಸುಕಲ್ಲಿನ ಹಿಟ್ಟೇ ಆಗಿದೆ.

ಇದರಿಂದ ಹವಳಕ್ಕೆ ಹಾನಿಯಲ್ಲವೆ? ಅಲ್ಪ ಹಾನಿಯುಂಟು, ಉಪಕಾರವೇ ಅಧಿಕ. ಸಮುದ್ರದಲ್ಲಿ ತೇಲಿಬರುವ ಹವಳದ ಮರಿಗೆ ನೆಲೆಯೂರಲು ಬರಿಯ ಕಲ್ಲು ಬೇಕು. ಪಾಚಿ ಕವಿದರೆ ಕಳೆ ತೆಗೆಯದ ಗದ್ದೆಯ ಪೈರಿನ ಗತಿಯೇ ಅದಕ್ಕೂ ಒದಗುತ್ತದೆ.

ಈ ಕಳೆ ತೆಗೆಯುವ ಕಾರ್ಯದಲ್ಲಿ ಇನ್ನೊಂದು ಪ್ರಾಣಿಯೂ ಪಾಲುಗೊಂಡಿತ್ತು. ಅದೇ ಉದ್ದನೆಯ ಕರಿಮುಳ್ಳುಗಳ ಡಯಾಡೆಮ ಎಂಬ ಕಡಲ ಮುಳ್ಳುಚೆಂಡು. 1983ರಲ್ಲಿ ಪನಾಮ ಕಾಲುವೆಯ ಬಳಿ ಕಾಣಿಸಿಕೊಂಡ ರೋಗವೊಂದು ಸುಮಾರು ಒಂದು ವರ್ಷದೊಳಗೆ ಕೆರಿಬಿಯನ್ನಿನ ಉದ್ದಗಲಕ್ಕೂ ಹಬ್ಬಿ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಡಯಾಡೆಮಗಳನ್ನು ಕೊಂದಿತು. ಜಮೈಕದಲ್ಲಿ ಗಿಳಿಮೀನುಗಳನ್ನು ಅದಾಗಲೇ ಮಿತಿಮೀರಿ ಹಿಡಿದಿದ್ದರು; 1980ರ ಚಂಡಮಾರುತವೂ ಹವಳವನ್ನು ಮುರಿದಿತ್ತು. ಈಗ ಪಾಚಿಗೆ ತಡೆಯೇ ಇಲ್ಲವಾಯಿತು. 1970ರ ದಶಕದಲ್ಲಿ ತಳದ ಅರ್ಧದಷ್ಟನ್ನು ಆವರಿಸಿದ್ದ ಹವಳವು 1990ರ ದಶಕದ ಆರಂಭಕ್ಕೆ ನೂರರಲ್ಲಿ ಐದು ಪಾಲಿಗಿಂತಲೂ ಕೆಳಗಿಳಿಯಿತು.

ಬೊನೇರಿನಲ್ಲಾದರೋ ಈಟಿಯಿಂದ ಮೀನು ಹೊಡೆಯುವುದನ್ನು 1971ರಲ್ಲಿಯೇ ನಿಷೇಧಿಸಿದ್ದರು; 1979ರಲ್ಲಿ ಸಮುದ್ರೋದ್ಯಾನವನ್ನು ಸ್ಥಾಪಿಸಿದರು. ಒಬ್ಬ ಮಾಲಿ ಮಡಿದರೂ ಇನ್ನೊಬ್ಬನು ಉಳಿದಿದ್ದುದರಿಂದ ಅಲ್ಲಿಯ ಹವಳ ಹೆಚ್ಚು ಉಳಿಯಿತು. 2010ರಲ್ಲಿ ಗಿಳಿಮೀನು ಹಿಡಿಯುವುದನ್ನೂ ನಿಷೇಧಿಸಲಾಯಿತು.

ಆದರೆ ಮಾಲಿಯು ಕಳೆಯನ್ನು ಕೀಳಬಲ್ಲನೇ ಹೊರತು ಬಿಸಿಲನ್ನು ತಡೆಯಲಾರನು. 2023ರಲ್ಲಿ ಕಡಲು ಅತಿಯಾಗಿ ಕಾದು ಬೊನೇರಿನ ಹವಳಗಳು ಬಿಳಿಚಿಕೊಂಡವು. ಅದೇ ವರ್ಷ ಅವುಗಳಿಗೆ ಹೊಸ ರೋಗವೂ ತಗುಲಿತು. ಸತ್ತ ಹವಳದ ಎಡೆಯಲ್ಲಿ ಹೊಸ ಮರಿ ನೆಲೆಯೂರಬೇಕಾದರೆ ಕಲ್ಲು ಶುಭ್ರವಾಗಿರಬೇಕು. ಆದುದರಿಂದಲೇ ಆ ಕೊಕ್ಕಿನ ಸದ್ದು ನಿಲ್ಲದಂತೆ ನಾವು ನೋಡಿಕೊಳ್ಳಬೇಕಾಗಿದೆ.