ಸೇನಾ ನೆಲೆಗಳ ನೆರೆಯ ಭೂಮಿ: ನಿರ್ಬಂಧಗಳು ಮತ್ತು ನಾಗರಿಕರ ಹಕ್ಕುಗಳು

ಸೈನಿಕರ ಗುಂಡು ಹಾರಿಸುವ ಅಭ್ಯಾಸಕ್ಕೂ ಮದ್ದುಗುಂಡುಗಳ ಸಂಗ್ರಹಕ್ಕೂ ಜನವಸತಿಯಿಲ್ಲದ ವಿಶಾಲ ನೆಲ ಅಗತ್ಯ. ಇಂತಹ ಸ್ಥಳಗಳನ್ನು ಬಹುಮಟ್ಟಿಗೆ ಊರಿನಿಂದ ದೂರದಲ್ಲಿಯೇ ಆರಿಸಲಾಗಿತ್ತು. ನಗರಗಳು ಬೆಳೆದಂತೆ ಬಡಾವಣೆಗಳು ಅವುಗಳ ಬೇಲಿಯವರೆಗೂ ಬಂದಿವೆ. ಅಲ್ಲಿ ಮನೆ ಕಟ್ಟಬಯಸುವವರೂ ಉಳುಮೆ ಮಾಡುವವರೂ ಎರಡು ಕಾಯಿದೆಗಳನ್ನು ಮುಖ್ಯವಾಗಿ ತಿಳಿದಿರಬೇಕು.

ಕಟ್ಟಡಗಳ ಮೇಲಿನ ನಿರ್ಬಂಧ

ಮೊದಲನೆಯದು 1903ರ ರಕ್ಷಣಾ ಕಾಮಗಾರಿಗಳ ಕಾಯಿದೆ. ಇದರನ್ವಯ ಕೇಂದ್ರ ಸರ್ಕಾರವು ಘೋಷಣೆ ಹೊರಡಿಸಿ, ರಕ್ಷಣಾ ನಿರ್ಮಾಣಗಳ ಸುತ್ತಲಿನ ಖಾಸಗಿ ಭೂಮಿಯ ಬಳಕೆಯನ್ನು ನಿರ್ಬಂಧಿಸಬಹುದು. ಭೂಮಿಯ ಒಡೆತನ ಬದಲಾಗುವುದಿಲ್ಲ; ಬಳಕೆ ಮಾತ್ರ ಮಿತಿಗೊಳ್ಳುತ್ತದೆ. ಹೊರ ಎಲ್ಲೆಯು 2000 ಗಜಗಳವರೆಗೆ, ಅಂದರೆ ಸುಮಾರು 1830 ಮೀಟರುಗಳವರೆಗೆ ಇರಬಹುದು. ಇದರೊಳಗೆ ಸೇನಾಧಿಕಾರಿಯ ಲಿಖಿತ ಒಪ್ಪಿಗೆಯಿಲ್ಲದೆ ಕಟ್ಟಡ ಕಟ್ಟುವಂತಿಲ್ಲ, ನೆಲಮಟ್ಟವನ್ನು ಬದಲಿಸುವಂತಿಲ್ಲ. 1000 ಗಜಗಳವರೆಗಿನ ಎರಡನೆಯ ಎಲ್ಲೆಯೊಳಗೆ ಶಾಶ್ವತ ಸಾಮಗ್ರಿಯ ಕಟ್ಟಡಗಳಿಗೆ ಅವಕಾಶವಿಲ್ಲ. 500 ಗಜಗಳವರೆಗಿನ ಒಳ ಎಲ್ಲೆಯಲ್ಲಿ ನಿರ್ಬಂಧ ಇನ್ನೂ ಕಠಿಣ.

ಇದರಿಂದ ನಷ್ಟ ಹೊಂದಿದವರಿಗೆ ಪರಿಹಾರ ಕೇಳುವ ಹಕ್ಕಿದೆ. ಜಿಲ್ಲಾಧಿಕಾರಿಯು ವಿಚಾರಣೆ ನಡೆಸಿ ಪರಿಹಾರವನ್ನು ನಿರ್ಣಯಿಸುತ್ತಾರೆ.

ಪುಣೆಯ ಬಳಿ ದೇಹೂ ರೋಡ್ ಮದ್ದುಗುಂಡು ಉಗ್ರಾಣದ ಸುತ್ತಲಿನ ಇಂತಹ ಪ್ರದೇಶವನ್ನು ಜನರು ‘ರೆಡ್ ಝೋನ್’ ಎಂದೇ ಕರೆಯುತ್ತಾರೆ. ಅದರೊಳಗೆ ಅನೇಕ ಮನೆಗಳು ಎದ್ದಿವೆ. ಅನುಮತಿಯಿಲ್ಲದ ಮನೆಯಲ್ಲಿ ಉಳಿತಾಯವನ್ನೆಲ್ಲ ತೊಡಗಿಸಿದ ಕುಟುಂಬಕ್ಕೆ ಕಾನೂನಿನ ರಕ್ಷಣೆ ದುರ್ಬಲ.

ಗುಂಡು ಹಾರಿಕೆಯ ಅಭ್ಯಾಸ

ಎರಡನೆಯದು ಸೇನಾ ಕವಾಯತು, ಬಯಲು ಗುಂಡು ಹಾರಿಕೆ ಮತ್ತು ಫಿರಂಗಿ ಅಭ್ಯಾಸಗಳಿಗೆ ಸಂಬಂಧಿಸಿದ 1938ರ ಕಾಯಿದೆ. ಅಭ್ಯಾಸದ ಪ್ರದೇಶವನ್ನೂ ಅವಧಿಯನ್ನೂ ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುತ್ತದೆ. ಗುಂಡು ಹಾರಿಸುವ ವೇಳೆಯಲ್ಲಿ ‘ಅಪಾಯ ವಲಯ’ದಿಂದ ಜನರನ್ನೂ ಜಾನುವಾರುಗಳನ್ನೂ ಹೊರಗಿರಿಸಲಾಗುತ್ತದೆ. ಹೀಗೆ ಹೊರಗಿರಿಸುವ ಮೊದಲೇ ಕನಿಷ್ಠ ದರದ ಪರಿಹಾರವನ್ನು ಪಾವತಿ ಮಾಡಬೇಕೆಂಬುದು ಕಾಯಿದೆಯ ಮುಖ್ಯ ಅಂಶ.

ಈ ಅಧಿಕಾರವು ಶಾಶ್ವತವಲ್ಲ. ಇಂದಿನ ಜಾರ್ಖಂಡದ ನೇತರ್‌ಹಾಟ್ ಪ್ರದೇಶದಲ್ಲಿ 1994ರಲ್ಲಿ ಆದಿವಾಸಿ ಗ್ರಾಮಸ್ಥರು ಶಾಂತಿಯುತವಾಗಿ ಪ್ರತಿಭಟಿಸಿದ ನಂತರ ಅಲ್ಲಿ ಅಭ್ಯಾಸ ನಡೆಯಲಿಲ್ಲ. 2022ರಲ್ಲಿ ಅಧಿಸೂಚನೆಯ ಅವಧಿ ಮುಗಿದಾಗ ರಾಜ್ಯ ಸರ್ಕಾರವು ಅದನ್ನು ವಿಸ್ತರಿಸದಿರಲು ತೀರ್ಮಾನಿಸಿತು.

ನಿವೇಶನ ಕೊಳ್ಳುವ ಮುನ್ನ

1. ಸರ್ವೆ ನಂಬರನ್ನು ಹಿಡಿದು, ಯೋಜನಾ ಪ್ರಾಧಿಕಾರದ ಅಭಿವೃದ್ಧಿ ನಕ್ಷೆಯಲ್ಲಿ ಆ ಜಾಗವು ಯಾವ ವಲಯದಲ್ಲಿದೆ ಎಂದು ಪರಿಶೀಲಿಸಿರಿ.

2. ನಿರ್ಬಂಧದ ಘೋಷಣೆಯಿದೆಯೇ ಎಂದು ಜಿಲ್ಲಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿರಿ. ಸೇನಾ ನೆಲೆಗಳ ಸಮೀಪದ ಕಟ್ಟಡಗಳ ನಿರಾಕ್ಷೇಪಣಾ ಪತ್ರದ ಬಗ್ಗೆ ರಕ್ಷಣಾ ಸಚಿವಾಲಯವು 2011ರ ನಂತರ ಹಲವು ಬಾರಿ ಮಾರ್ಗಸೂಚಿಗಳನ್ನು ಬದಲಿಸಿದೆ. ಆದ್ದರಿಂದ ಉತ್ತರವನ್ನು ಲಿಖಿತವಾಗಿಯೇ ಪಡೆಯಿರಿ.

3. ನೋಂದಣಿಯಾದ ಕ್ರಯಪತ್ರವು ಕಟ್ಟಡದ ಪರವಾನಗಿಯಲ್ಲ ಎಂಬುದನ್ನು ಮರೆಯಬೇಡಿ.

ಅಭ್ಯಾಸ ಕ್ಷೇತ್ರದ ಸಮೀಪದಲ್ಲಿ ಸಿಡಿಯದೆ ಉಳಿದ ಗುಂಡು ಕಂಡುಬಂದರೆ ಮುಟ್ಟದೆ ಪೊಲೀಸರಿಗೆ ತಿಳಿಸಿರಿ. ಗುಜರಿಗೆಂದು ಅದನ್ನು ಹೆಕ್ಕಿ ತರಲು ಮಕ್ಕಳನ್ನು ಎಂದಿಗೂ ಕಳುಹಿಸಬೇಡಿ. ಸೇನೆಗೆ ತರಬೇತಿ ಬೇಕು, ನಾಗರಿಕನಿಗೆ ನೆಮ್ಮದಿಯ ಸೂರು ಬೇಕು. ಇವೆರಡರ ನಡುವಿನ ಅಂತರವನ್ನು ಅಡಿಪಾಯ ಹಾಕುವ ಮೊದಲೇ ಅಳೆಯುವುದು ಎಲ್ಲರಿಗೂ ಕ್ಷೇಮಕರ.